ಬಸವಣ್ಣನ ಗಂಟೆ ಮುಟ್ಟದ ನೀರು

ಹೊಸಪೇಟೆ ಸ್ಟೇಷನ್ನಿನಲ್ಲಿ ಇಳಿದಾಗ ಮಳೆ ಆಗಷ್ಟೇ ನಿಂತಿತ್ತು. ಆಚೆ ಹಳಿಯ ಮೇಲೆ ಅದಿರು ತುಂಬಿದ ಗೂಡ್ಸ್ ಗಾಡಿಯೊಂದು ನಿಂತು ಕೆಂಪಗೆ ತೊಟ್ಟಿಕ್ಕುತ್ತಿತ್ತು. ತುಕ್ಕು ಹಿಡಿದ ಬಾಣಲೆಯನ್ನು ಬಚ್ಚಲಲ್ಲಿಟ್ಟು ನೀರು ಸುರಿದರೆ ಬರುತ್ತದಲ್ಲ, ಅಂಥ ವಾಸನೆ. ಈ ಊರಿನವರ ಮೂಗಿಗೆ ಅದು ಗೊತ್ತೂ ಆಗುವುದಿಲ್ಲ. ನನಗೆ ಮಾತ್ರ ಕೆಲವು ವರ್ಷಗಳ ಹಿಂದೆ ಇಲ್ಲಿ ಕಳೆದ ಒಂದು ಮಳೆಗಾಲ ನೆನಪಾಯಿತು. ನನ್ನನ್ನು ಕರೆದೊಯ್ಯಬೇಕಾದ ಜೀಪು ಇನ್ನೂ ಬಂದಿರಲಿಲ್ಲ. ಬ್ಯಾಗು ಕಾಲ ಬಳಿ ಇಟ್ಟು ಬೆಂಚಿನ ಮೇಲೆ ಕೂತೆ. ಆ ಒಂದು ಮಳೆಗಾಲದಲ್ಲಿ ನಾನು ಹೀಗೆ ಒಂದು ಕಡೆ ಕೂತಿದ್ದನ್ನು ಕಂಡಿದ್ದರೆ ಪರಿಚಯದವರು ಜ್ವರ ಬಂತೇನೋ ಎಂದು ಹಣೆ ಮುಟ್ಟಿ ನೋಡುತ್ತಿದ್ದರು.

ನಾನು ದಾವಣಗೆರೆಯವಳು. ಓದಿದ್ದು ಗಣಿತ, ಅದರಲ್ಲೂ ಟೋಪಾಲಜಿ. ಇದನ್ನು ಹೇಳಿದ ಕೂಡಲೇ ಎದುರಿನವರು ನನ್ನ ಮುಖ ನೋಡುತ್ತಾರೆ, ನಾನು ವಡೆಯ ಉದಾಹರಣೆ ತೆಗೆಯುತ್ತೇನೆ. ಟೋಪಾಲಜಿಗೆ ಉದ್ದಿನ ವಡೆಯೂ ಕೈಬಳೆಯೂ ಒಂದೇ, ಎರಡಕ್ಕೂ ನಡುವೆ ಒಂದು ತೂತಿದೆ. ಮಿರ್ಚಿ ಬಜ್ಜಿ ಬೇರೆ ಜಾತಿ. ಯಾವುದು ಎಷ್ಟು ಉದ್ದ, ಎಷ್ಟು ಅಗಲ ಎಂದು ಅದು ಕೇಳುವುದಿಲ್ಲ. ಯಾವುದು ಯಾವುದಕ್ಕೆ ಅಂಟಿಕೊಂಡಿದೆ, ಎಲ್ಲಿ ಬಿಟ್ಟುಕೊಳ್ಳುತ್ತದೆ ಎಂದಷ್ಟೇ ಕೇಳುತ್ತದೆ. ನಮ್ಮಪ್ಪ ಇದನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡು, ಇದಕ್ಕೂ ಸಂಬಳ ಕೊಡುತ್ತಾರಾ ಎಂದಿದ್ದರು.

ಆ ವರ್ಷ ಕೊಟ್ಟರು. ಅಣೆಕಟ್ಟಿನಿಂದ ಕಂಪ್ಲಿಯವರೆಗಿನ ತುಂಗಭದ್ರೆಯನ್ನು ಬೆಂಗಳೂರಿನ ಒಂದು ದೊಡ್ಡ ಕಂಪ್ಯೂಟರಿನೊಳಗೆ ಹರಿಸುವ ಯೋಜನೆ ಅದು. ಇಷ್ಟು ಗೇಟು ಎತ್ತಿದರೆ ನೀರು ಎಲ್ಲೆಲ್ಲಿ ಎಷ್ಟೆಷ್ಟು ಏರುತ್ತದೆ ಎಂದು ಯಂತ್ರ ಲೆಕ್ಕ ಹಾಕುತ್ತಿತ್ತು, ಗೇಟು ಬದಲಿಸಿ ಮತ್ತೆ ಹಾಕುತ್ತಿತ್ತು. ಪ್ರತಿಸಲವೂ ಕೋಟಿಗಟ್ಟಲೆ ಬಿಂದುಗಳಲ್ಲಿ ನೀರಿನ ಎತ್ತರ, ನೀರಿನ ವೇಗ. ಅಷ್ಟನ್ನೂ ಕೂತು ನೋಡಲು ಒಂದು ಜನ್ಮ ಸಾಲದು. ಅದರ ಸಾರ ಹಿಂಡಿ ಕಣ್ಣಿಗೆ ಕಾಣುವಂತೆ ಮಾಡುವುದು ನನ್ನ ಪಾಲಿನ ಕೆಲಸ. ನೀರನ್ನು ಕೊಂಚ ಕೊಂಚವೇ ಏರಿಸುತ್ತ ಹೋದರೆ ಒಂದಾಗಿದ್ದ ನೆಲ ತುಂಡುತುಂಡಾಗಿ ದ್ವೀಪಗಳಾಗುತ್ತದೆ, ಆಮೇಲೆ ಆ ದ್ವೀಪಗಳು ಒಂದೊಂದೇ ಮುಳುಗುತ್ತವೆ. ಯಾವ ತುಂಡು ಎಷ್ಟು ನೀರಿಗೆ ಬೇರೆಯಾಯಿತು, ಎಷ್ಟು ನೀರಿಗೆ ಮುಳುಗಿತು ಎಂಬುದನ್ನು ಕೊಂಬೆಗಳಿರುವ ಒಂದು ಮರದ ಹಾಗೆ ಬರೆಯಬಹುದು. ಬೆಟ್ಟದಷ್ಟು ಅಂಕಿಗಳು ಪರದೆಯ ಮೇಲೆ ಒಂದು ಮರವಾಗಿಬಿಡುತ್ತವೆ. ಈಗಲೂ ಅದನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

ಮರ ಸರಿಯಾಗಿದೆಯೋ ಇಲ್ಲವೋ ಎಂದು ನೆಲದ ಮೇಲೆ ನಿಂತು ತಾಳೆ ನೋಡಲು ಮಳೆಗಾಲ ಪೂರ್ತಿ ನನ್ನನ್ನು ಹೊಸಪೇಟೆಗೆ ಹಾಕಿದರು. ಅಕ್ಕಿ ಗಿರಣಿಯವರ ಮನೆಯ ಮೇಲಿನ ಒಂದು ಕೋಣೆ ಸಿಕ್ಕಿತು. ನನಗೆ ಚಿಕ್ಕಂದಿನಿಂದ ಕೂತಲ್ಲಿ ಕೂರುವ ಗುಣವಿಲ್ಲ. ಯೋಚನೆ ಬಂದರೆ ಕಾಲುಗಳು ತಾವಾಗಿ ಎದ್ದುಬಿಡುತ್ತವೆ. ಬೆಂಗಳೂರಿನ ಯಂತ್ರದಿಂದ ಫಲಿತಾಂಶ ಬರುವುದಕ್ಕೆ ಕಾಯುತ್ತ, ಕರೆಂಟು ಹೋದರೆ ಅದು ಬರುವುದಕ್ಕೆ ಕಾಯುತ್ತ, ನಾನು ಆ ಕೋಣೆಯನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದೆ. ಒಂದು ಮಧ್ಯಾಹ್ನ ಮನೆಯೊಡತಿ ಮೆಟ್ಟಿಲು ಹತ್ತಿ ಬಂದು, ಮೇಲಿನ ಸಪ್ಪಳಕ್ಕೆ ತಮ್ಮ ಅತ್ತೆಗೆ ಕಣ್ಣು ಹತ್ತುತ್ತಿಲ್ಲ, ದಯವಿಟ್ಟು ಕೂರಬೇಕು ಎಂದು ಬಲು ಮರ್ಯಾದೆಯಿಂದ ಕೇಳಿಕೊಂಡರು. ಅಂದಿನಿಂದ ಚಪ್ಪಲಿ ಬಿಟ್ಟು ಅಡ್ಡಾಡಿದೆ.

ನೆಲ ಅಳೆಯಲು ನನ್ನ ಜೊತೆಗಿದ್ದವನು ಇಮ್ತಿಯಾಜ್. ಸಂಡೂರಿನವನು, ಅಲ್ಲಿನ ಗಣಿಯೊಂದರಲ್ಲಿ ಸರ್ವೆ ಕೆಲಸ ಮಾಡಿ ಬಿಟ್ಟು ಬಂದಿದ್ದ. ನನಗೆ ಪೂರ್ತಿ ಉಲ್ಟಾ. ಒಂದು ಬಂಡೆಯ ಮೇಲೆ ಕೂತರೆ ಬಂಡೆಯೇ ಬೇಸರಪಟ್ಟು ಎದ್ದುಹೋಗಬೇಕು, ಅವನು ಏಳುತ್ತಿರಲಿಲ್ಲ. ಒಂದು ಭಾನುವಾರ ತಮ್ಮ ಮನೆಗೆ ಊಟಕ್ಕೆ ಕರೆದೊಯ್ದವನು ದಾರಿಯಲ್ಲಿ ಗುಡ್ಡದ ಅಂಚಿಗೆ ಬೈಕು ನಿಲ್ಲಿಸಿದ. ಒಂದು ಕಡೆ ಮೋಡ ತಾಗಿದ ಹಸಿರು ಸಾಲು, ಇನ್ನೊಂದು ಕಡೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಕೆಂಪು. ತಾನು ಕೆಲಸಕ್ಕೆ ಸೇರಿದಾಗ ಅಲ್ಲೊಂದು ನೆತ್ತಿ ಇತ್ತು, ಅದನ್ನು ಅಳೆದದ್ದೂ ತಾನೇ, ಅದು ಇಲ್ಲವಾದದ್ದನ್ನು ಅಳೆದದ್ದೂ ತಾನೇ ಎಂದ. ದುಃಖದಿಂದೇನೂ ಹೇಳಲಿಲ್ಲ. ಜಿಟಿಜಿಟಿ ಮಳೆಯಲ್ಲಿ ನಾನು ಬೈಕಿನ ಸುತ್ತ ತಿರುಗುತ್ತಲೇ ಇದ್ದೆ, ಊಟ ತಣ್ಣಗಾಗುತ್ತದೆ ಎಂದು ಕೊನೆಗೆ ಅವನೇ ಹೊರಡಿಸಿದ.

ಹಂಪಿಯಲ್ಲಿ ನಮ್ಮ ಮರ ಕೈಕೊಟ್ಟಿತು. ಅಲ್ಲಿ ಹೊಳೆಯ ತುಂಬ ಬಂಡೆಗಳು. ನೀರು ಒಂದು ಗೇಣು ಏರಿದರೆ ಸಾವಿರ ದ್ವೀಪ, ಇನ್ನೊಂದು ಗೇಣು ಏರಿದರೆ ಅವು ಮಾಯವಾಗಿ ಬೇರೆ ಸಾವಿರ. ಪರದೆಯ ಮೇಲಿನ ಮರಕ್ಕೆ ಎಳ್ಳು ಚೆಲ್ಲಿದಂತೆ ಚಿಗುರು ಅಂಟಿಕೊಂಡು, ಯಾವುದು ಕೊಂಬೆ ಎಂದೇ ತಿಳಿಯದಾಯಿತು. ಹಂಪಿ ಬಜಾರಿನ ಕಲ್ಲುಮಂಟಪದಡಿ ಮಳೆಗೆ ನಿಂತು ಲ್ಯಾಪ್‌ಟಾಪ್ ತೆರೆದಿದ್ದೆ. ಚಹಾದವನೊಬ್ಬ ಇಣುಕಿ ನೋಡಿ, ಇಷ್ಟೆಲ್ಲ ಯಾಕೆ, ಹೊಳೆಯಲ್ಲಿರುವ ಪುರಂದರ ಮಂಟಪ ಮುಳುಗಿತಾ ಇಲ್ಲವಾ ಎಂದು ನೋಡಿದರೆ ನಮಗೆ ಹೊಳೆಯ ಸಮಾಚಾರ ಗೊತ್ತಾಗುತ್ತದೆ ಎಂದ. ಈ ಸೀಮೆಯಲ್ಲಿ ಎಲ್ಲರದೂ ಇದೇ ರೀತಿ. ಹೊಳೆ ಎಷ್ಟಿದೆ ಎಂದು ಯಾರೂ ಅಡಿಗಳಲ್ಲಿ ಹೇಳುವುದಿಲ್ಲ. ಎದುರಿಗೆ ಕಾಣುವ ಯಾವುದೋ ಒಂದು ಕಲ್ಲು ಒದ್ದೆಯಾಯಿತೋ ಇಲ್ಲವೋ ಎಂದು ಹೇಳುತ್ತಾರೆ.

ನಮ್ಮ ಶಾಸ್ತ್ರದಲ್ಲಿ ಇಂಥ ಎಳ್ಳಿಗೆ ಮದ್ದಿದೆ. ಯಾವ ದ್ವೀಪ ಹುಟ್ಟಿದ ಕೂಡಲೇ ಮುಳುಗುತ್ತದೋ ಅದನ್ನು ಸದ್ದು, ಅಂದರೆ ಲೆಕ್ಕಕ್ಕೆ ಬಾರದ ಗದ್ದಲ ಎಂದು ಬಗೆದು ಅಳಿಸುವುದು, ಬಹಳ ಹೊತ್ತು ಬಾಳುವುದನ್ನು ಮಾತ್ರ ಉಳಿಸುವುದು. ಬೆಂಗಳೂರಿನಲ್ಲಿದ್ದ ನಮ್ಮ ತಂಡದ ಹಿರಿಯರು ಹೀಗೆ ಅಳಿಸಿ ಕಳಿಸಿದ ಚಿತ್ರ ಕಣ್ಣಿಗೆ ಹಬ್ಬವಾಗಿತ್ತು. ಬಂಡೆಗಳೆಲ್ಲ ಹೋಗಿ ಕೊಂಬೆಗಳು ನಿಚ್ಚಳವಾಗಿದ್ದವು. ಆ ಚೆಂದದ ಮರವನ್ನು ಹಿಡಿದು ಇಮ್ತಿಯಾಜನೂ ನಾನೂ ಕಂಪ್ಲಿಗೆ ಹೋದೆವು, ಮತ್ತು ಅಲ್ಲಿ ಗಂಗಮ್ಮ ಸಿಕ್ಕಳು.

ಕಂಪ್ಲಿಗೆ ಸ್ವಲ್ಪ ಮೇಲಕ್ಕೆ, ಬಾಳೆತೋಟಗಳು ಮುಗಿದ ಮೇಲೆ, ಹೊಳೆಯೊಳಗೆ ಚಾಚಿದ ಒಂದು ಎತ್ತರದ ಗಡ್ಡಿ ಇದೆ. ಗಡ್ಡಿ ಎಂದರೆ ಇಲ್ಲಿ ಹೊಳೆ ಬಳಸಿ ಹರಿಯುವ ನೆಲ. ಗಂಗಮ್ಮನ ಮನೆ ಊರೊಳಗಿತ್ತು, ಮಗ ಸೊಸೆ ಹಾಲಿನ ಅಂಗಡಿ ನಡೆಸುತ್ತಿದ್ದರು. ಮಳೆಗಾಲದಲ್ಲಿ ಗಡ್ಡಿಯ ಹುಲ್ಲು ಸೊಂಪಾಗಿರುತ್ತದೆಂದು ಆಕೆ ಎಮ್ಮೆಗಳ ಜೊತೆ ಅಲ್ಲೇ ತಗಡಿನ ಶೆಡ್ಡಿನಲ್ಲಿ ಇರುತ್ತಿದ್ದಳು. ಅಗಲ ಹಣೆ, ದೊಡ್ಡ ದನಿ, ಯಾರಿಗಾದರೂ ಅಪ್ಪಣೆ ಕೊಡುತ್ತಿರುವಾಗಲೇ ಖುಷಿ. ನನ್ನನ್ನು ಕಂಡ ಮೊದಲ ದಿನವೇ, ನಾನು ಅತ್ತಿಂದಿತ್ತ ಸುಳಿಯುವುದನ್ನು ಸ್ವಲ್ಪ ಹೊತ್ತು ಸಹಿಸಿ, "ಕುಂದ್ರವ್ವ ಒಂದ್ ಕಡೆ. ನಿನ್ನ ನೋಡಿ ನಮ್ಮ ಎಮ್ಮಿ ಹಾಲು ಕೊಡದ ಏರಿಸ್ಕೊಂತಾವು" ಎಂದಳು.

ಗಡ್ಡಿಯ ಮುಂದೆ, ಹೊಳೆಗೆ ಮುಖ ಮಾಡಿ, ಕೊಂಬು ಮುರಿದ ಒಂದು ಹಳೆಯ ಕಲ್ಲಿನ ಬಸವಣ್ಣ ಕೂತಿದ್ದ. ಕೊರಳಲ್ಲಿ ಕೆತ್ತಿದ ಗಂಟೆ. ಹೊಸ ನೀರು ಬಂದ ದಿನ ಗಂಗಮ್ಮ ಅವನಿಗೆ ಕುಂಕುಮವಿಟ್ಟು ಹಾಲೆರೆಯುತ್ತಿದ್ದಳು. ನೀರು ಬಸವಣ್ಣನ ಗಂಟೆ ಮುಟ್ಟುವವರೆಗೆ ಗಡ್ಡಿಗೆ ಭಯವಿಲ್ಲ, ಮುಟ್ಟಿತೋ, ಎಮ್ಮೆ ಹೊಡೆದುಕೊಂಡು ಊರಿಗೆ ಹೊರಡಬೇಕು. ಅತ್ತೆ ಆಕೆಗೆ ಹೇಳಿಕೊಟ್ಟಿದ್ದು ಅದು, ಒಂದು ಸಲವೂ ತಪ್ಪಿರಲಿಲ್ಲ.

ನಾನು ಪರದೆಯ ಮೇಲಿನ ಮರದಲ್ಲಿ ಆ ಗಡ್ಡಿಯನ್ನು ಹುಡುಕಿದೆ. ಇರಲಿಲ್ಲ. ಅಳಿಸಿದ ಎಳ್ಳುಗಳ ಜೊತೆ ಅದೂ ಹೋಗಿತ್ತು. ಅಷ್ಟು ಎತ್ತರದ ನೆಲ ಹೋಗಿದ್ದು ಹೇಗೆಂದು ಅಳಿಸುವ ಮೊದಲಿನ ಲೆಕ್ಕ ತೆಗೆದು ನೋಡಿದೆ. ಅಣೆಕಟ್ಟಿನಿಂದ ಕಡಿಮೆ ನೀರು ಬಿಟ್ಟರೆ ಗಡ್ಡಿ ದ್ವೀಪವೇ ಆಗುತ್ತಿರಲಿಲ್ಲ. ಹೆಚ್ಚು ಬಿಟ್ಟರೆ ಆಗುತ್ತಿತ್ತು, ಆದರೆ ನೀರು ಎಷ್ಟು ಜೋರಾಗಿ ಏರುತ್ತಿತ್ತೆಂದರೆ ದ್ವೀಪವಾದ ಸ್ವಲ್ಪ ಹೊತ್ತಿಗೇ ನೆತ್ತಿಯೂ ಮುಳುಗುತ್ತಿತ್ತು. ಹುಟ್ಟಿದ ಕೂಡಲೇ ಮುಳುಗಿದ್ದರಿಂದ ಯಂತ್ರ ಅದನ್ನು ಸದ್ದು ಎಂದು ಬಗೆದಿತ್ತು. ಅದಕ್ಕಿಂತ ಕೆಟ್ಟ ಸಂಗತಿ ಇನ್ನೊಂದು. ಗಡ್ಡಿ ದಡದಿಂದ ಬೇರೆಯಾಗುತ್ತಿದ್ದುದು ಹಿಂದುಗಡೆಯ ತಗ್ಗಿನಲ್ಲಿ. ಎರಡು ದಿನ್ನೆಗಳ ನಡುವಿನ ಇಂಥ ತಗ್ಗನ್ನು ನಾವು ಜೀನು ಎನ್ನುತ್ತೇವೆ, ಕುದುರೆಯ ಬೆನ್ನಿನ ಜೀನಿನಂತೆ ಅದು ನಡುವೆ ಬಾಗಿರುತ್ತದೆ. ನೀರು ಅಲ್ಲಿನ ಹಳೆಯ ಕಾಲುವೆಯೊಂದರ ಪಾತ್ರ ಹಿಡಿದು ಸದ್ದಿಲ್ಲದೆ ಬಂದು ಆ ಜೀನನ್ನು ಮುಚ್ಚುತ್ತಿತ್ತು. ಆ ಹೊತ್ತಿಗೆ ಮುಂದುಗಡೆಯ ನೀರು ಬಸವಣ್ಣನ ಗಂಟೆಗಿಂತ ಇನ್ನೂ ಕೆಳಗಿರುತ್ತಿತ್ತು. ಅಂದರೆ ಗಂಟೆ ನೋಡಿಕೊಂಡು ಹೊರಡುವವರಿಗೆ ಹೊರಡಲು ದಾರಿಯೇ ಇರುತ್ತಿರಲಿಲ್ಲ.

ಇಷ್ಟು ವರ್ಷ ತಪ್ಪದ ಗಂಟೆ ಈಗ ಯಾಕೆ ತಪ್ಪುತ್ತದೆ ಎಂಬುದು ನನಗೆ ಬಗೆಹರಿಯಲಿಲ್ಲ. ಇಮ್ತಿಯಾಜ್ ಆ ತಗ್ಗಿಗೆ ಇಳಿದು ಅಂಚಿನ ಮೇಲೆ ಕೈಯಾಡಿಸಿದ.

"ಮೇಡಂ, ಇಲ್ಲಿ ಮಣ್ಣು ಹೋಗೈತ್ರಿ. ಹೊಳಿ ಒಯ್ದಿದ್ದಲ್ಲ. ಹೊಳಿ ಕೊರದ್ರ ಅಂಚು ದುಂಡಗಿರ್ತೈತಿ. ಇದು ಜೆಸಿಬಿ ಹಲ್ಲು."

ಹತ್ತಿರದ ಇಟ್ಟಿಗೆ ಭಟ್ಟಿಗೆ ಆ ಬೇಸಿಗೆಯಲ್ಲಿ ಟ್ರ್ಯಾಕ್ಟರುಗಟ್ಟಲೆ ಮಣ್ಣು ಹೋಗಿತ್ತು. ನಮ್ಮ ಯಂತ್ರದೊಳಗಿನ ನೆಲದ ಅಳತೆ ಅದಾದ ಮೇಲಿನದು. ಗಂಗಮ್ಮನಿಗೂ ಗೊತ್ತಿತ್ತು. ಎಮ್ಮೆ ಇಳಿದು ಹತ್ತುವುದಕ್ಕೆ ಇಳಿಜಾರು ಹದವಾಯಿತೆಂದು ಆಕೆ ಸಂತೋಷವನ್ನೇ ಪಟ್ಟಿದ್ದಳು.

ಆಕೆಗೆ ಹೇಳಲು ನಾನು ಲ್ಯಾಪ್‌ಟಾಪ್ ಬಿಚ್ಚಿದೆ. ಮರ ತೋರಿಸಿದೆ, ನೀರು ಏರಿಸಿ ತೋರಿಸಿದೆ, ಹಿಂದಿನ ದಾರಿ ನೀಲಿಯಾಗುವುದನ್ನು ತೋರಿಸಿದೆ. ಇದು ಕಾಣದೆ ಇರಲು ಸಾಧ್ಯವೇ ಇಲ್ಲ ಎಂದು ನನ್ನ ನಂಬಿಕೆ. ಆಕೆ ಹಾಲು ಕಾಯಿಸುತ್ತ ನೋಡಿದಳು, ಮರ ಯಾಕೆ ತಲೆಕೆಳಗಾಗಿದೆ ಎಂದು ಕೇಳಿದಳು, ಬಣ್ಣ ಚಲೋ ಇದೆ ಎಂದಳು. ಆಮೇಲೆ ಲೋಟ ನನ್ನ ಕೈಗೆ ಕೊಟ್ಟು, "ನಿನ್ನ ಮಿಶೀನು ಈ ವರ್ಷ ಹುಟ್ಟಿದ್ದು. ಬಸವಣ್ಣ ನಮ್ಮತ್ತಿ ಕಾಲದಿಂದ ನೋಡ್ಯಾನ. ಸಿಟ್ಟಾಗಬ್ಯಾಡ, ಹಾಲು ಕುಡಿ" ಎಂದಳು. ನನಗೆ ಸಿಟ್ಟೇ ಬಂದಿತ್ತು. ಸಿಟ್ಟಿನ ಜೊತೆ ಅಳುವೂ ಬಂದಿತ್ತು. ಹಾಲು ಹಿಡಿದುಕೊಂಡೇ ಶೆಡ್ಡಿನ ಸುತ್ತ ತಿರುಗಿದೆ.

ಹಿರಿಯರಿಗೆ ಫೋನು ಮಾಡಿ, ಅಳಿಸಿದ್ದನ್ನು ವಾಪಸು ತರಬೇಕೆಂದೆ. ಅವರು ಕೆಟ್ಟವರಲ್ಲ. ಒಂದು ಗಡ್ಡಿಯನ್ನು ತಂದರೆ ಅದರ ಹಿಂದೆ ಹಂಪಿಯ ಬಂಡೆಗಳೆಲ್ಲ ವಾಪಸು ಬರುತ್ತವೆ, ಆಗ ಚಿತ್ರ ಯಾರಿಗೂ ಪ್ರಯೋಜನಕ್ಕೆ ಬರುವುದಿಲ್ಲ ಎಂದರು. ಗಣಿತಕ್ಕೆ ಬಂಡೆಗೂ ಗಂಗಮ್ಮನ ಗಡ್ಡಿಗೂ ವ್ಯತ್ಯಾಸ ಹೇಗೆ ತಿಳಿಯಬೇಕು, ನೀನೇ ಹೇಳು ಎಂದರು. ಅದು ನ್ಯಾಯವಾದ ಪ್ರಶ್ನೆ. ಅದನ್ನು ತಲೆಯಲ್ಲಿಟ್ಟುಕೊಂಡು ಹೊಸಪೇಟೆಯ ಕೋಣೆಯಲ್ಲಿ ಬರಿಗಾಲಲ್ಲಿ ನಡೆದೆ, ಮಾರ್ಕೆಟ್ಟಿನಲ್ಲಿ ನಡೆದೆ, ಕಬ್ಬಿನ ಲಾರಿಗಳ ಪಕ್ಕ ನಡೆದೆ. ಕೊನೆಗೆ ಹೊಳೆದದ್ದು ಬಹಳ ಸರಳವಾಗಿತ್ತು. ಎಷ್ಟು ಹೊತ್ತು ಬಾಳಿತು ಎಂದು ನೋಡಿ ಅಳಿಸುವ ಮೊದಲು ಅದರ ಮೇಲೆ ಸೂರು ಇದೆಯೇ ಎಂದು ನೋಡಬೇಕು. ತಗಡೋ ಹುಲ್ಲೋ, ಒಂದು ಸೂರಿದ್ದರೆ ಆ ದ್ವೀಪ ಎಷ್ಟೇ ಸಣ್ಣದಿರಲಿ, ಎಷ್ಟೇ ಬೇಗ ಮುಳುಗಲಿ, ಅಳಿಸಕೂಡದು. ಫೋನಿನಲ್ಲಿ ಹೇಳಿದಾಗ ಹಿರಿಯರು ಮೊದಲು, ಇದು ಶುದ್ಧ ಟೋಪಾಲಜಿ ಅಲ್ಲ ಎಂದರು. ಆಮೇಲೆ ಮಾಡು ಎಂದರು.

ಇಮ್ತಿಯಾಜನೂ ನಾನೂ ಹೊಳೆಯ ಎರಡೂ ದಂಡೆ ಹಿಡಿದು ಸೂರುಗಳನ್ನು ಗುರುತಿಸುತ್ತ ಅಲೆದೆವು. ಕೆಲಸ ಮುಗಿದಿರಲಿಲ್ಲ. ಮೇಲೆ ಮಲೆನಾಡಿನಲ್ಲಿ ಮಳೆ ಹಿಡಿದುಕೊಂಡಿತು. ಹೊಸಪೇಟೆಯಲ್ಲಿ ಒಂದು ಹನಿಯಿಲ್ಲ, ಬರೀ ಗಾಳಿ ಮತ್ತು ಬೂದು ಮೋಡ, ಆದರೆ ಅಣೆಕಟ್ಟು ದಿನದಿಂದ ದಿನಕ್ಕೆ ತುಂಬುತ್ತಿತ್ತು. ಜನ ಸಂಭ್ರಮದಿಂದ ಗೇಟು ನೋಡಲು ಹೋಗುತ್ತಿದ್ದರು. ನನಗೆ ಮುಳ್ಳಿನ ಮೇಲೆ ನಿಂತ ಹಾಗಿತ್ತು. ದಿನಾ ಗಂಗಮ್ಮನಿಗೆ ಫೋನು ಮಾಡುತ್ತಿದ್ದೆ, ಬಸವಣ್ಣ ಒಣಗಿಯೇ ಇದ್ದಾನೆ ಎಂದು ಆಕೆ ಇಡುತ್ತಿದ್ದಳು.

ಹೆಚ್ಚು ನೀರು ಬಿಡುತ್ತಾರೆಂದು ಒಂದು ಬೆಳಿಗ್ಗೆ ಆಟೋದಲ್ಲಿ ಮೈಕು ಕೂಗಿಕೊಂಡು ಹೋಯಿತು. ಎಷ್ಟು ಬಿಡುತ್ತಾರೆಂದು ಕೇಳಿ ನನ್ನ ಲೆಕ್ಕದ ಪಕ್ಕ ಇಟ್ಟು ನೋಡಿದೆ. ಗಡ್ಡಿ ಹುಟ್ಟಿ ಮುಳುಗುವ ಲೆಕ್ಕವೇ ಅದು. ಗಂಗಮ್ಮನ ಫೋನು ಸ್ವಿಚ್ ಆಫ್. ಇಮ್ತಿಯಾಜ್ ಬೈಕು ತೆಗೆದ. ಕಮಲಾಪುರ ದಾಟುವಾಗ ಮತ್ತೊಮ್ಮೆ ಫೋನು ಹಚ್ಚಿ ನೋಡಿದೆ, ಇನ್ನೂ ಆಫ್. ನಾವು ತಲುಪಿದಾಗ ಬಿಸಿಲು ಬಂದಿತ್ತು. ಬಾಳೆ ಎಲೆಗಳು ಥಳಥಳ ಹೊಳೆಯುತ್ತಿದ್ದವು. ಹಿಂದಿನ ತಗ್ಗಿನ ಕಾಲುವೆ ಕಡೆಯ ಅಂಚಿನಲ್ಲಿ ಒಂದು ಅಂಗುಲ ನೀರು ಇಷ್ಟಿಷ್ಟೇ ಮುಂದೆ ಬರುತ್ತಿತ್ತು. ಇಮ್ತಿಯಾಜ್ ಅಳತೆ ಕೋಲು ನೆಟ್ಟು ಅಲ್ಲೇ ನಿಂತ, ನಾನು ಗಡ್ಡಿಗೆ ಓಡಿದೆ.

ಗಂಗಮ್ಮ ಹುಲ್ಲು ಹಾಕುತ್ತಿದ್ದಳು. ನನ್ನನ್ನು ನೋಡಿ ನಕ್ಕು ಬಸವಣ್ಣನ ಕಡೆ ಕೈ ತೋರಿಸಿದಳು. ಗಂಟೆ ಒಣಗಿತ್ತು, ಕುಂಕುಮವೂ ಕರಗಿರಲಿಲ್ಲ. ನಾನು ಮತ್ತೆ ಎಲ್ಲ ಹೇಳಿದೆ, ಕೈ ಮುಗಿದೆ, ಕೂಗಾಡಿದೆ. ನೀನು ಹೋಗು, ಮುಟ್ಟಿದ ಕೂಡಲೇ ಬರುತ್ತೇನೆ ಎಂದು ಆಕೆ ಇನ್ನೊಂದು ಹೊರೆ ಬಿಚ್ಚಿದಳು. ಶೆಡ್ಡಿನ ಬಾಗಿಲಲ್ಲಿ ಒಂದು ಗೋಣಿಚೀಲ ಬಿದ್ದಿತ್ತು, ಅದರ ಮೇಲೆ ಕೂತುಬಿಟ್ಟೆ.

ಧೈರ್ಯದಿಂದ ಕೂತೆ ಎಂದರೆ ಸುಳ್ಳಾಗುತ್ತದೆ. ಹೋಗಲು ಭಯ, ಇರಲು ಭಯ, ಆಕೆಯನ್ನು ಬಿಟ್ಟು ಹೋದರೆ ಮುಂದೆ ಯಾವ ಲೆಕ್ಕವನ್ನೂ ಮಾಡಲಾರೆ ಎಂಬುದೊಂದು ಮಾತ್ರ ಖಚಿತವಿತ್ತು. ಕೈ ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತ ಕೂತೆ. ಎಮ್ಮೆಗಳು ಹುಲ್ಲು ಜಗಿಯುವ ಸಪ್ಪಳ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಗಂಗಮ್ಮನ ಸಪ್ಪಳ ನಿಂತಿತು. ತಲೆ ಎತ್ತಿದರೆ ಆಕೆ ಕೈಯಲ್ಲಿ ಹುಲ್ಲು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಮುಖದಲ್ಲಿ ನಗು ಇರಲಿಲ್ಲ.

"ಯಾಕವ್ವ, ಕುಂತೀ?"

"ನೀವು ಎದ್ದರೆ ಏಳ್ತೀನಿ" ಎಂದೆ.

ಆಕೆ ಹುಲ್ಲು ಕೆಳಗೆ ಹಾಕಿ ಮೊದಲನೆಯ ಎಮ್ಮೆಯ ಹಗ್ಗ ಬಿಚ್ಚಿದಳು.

ತಗ್ಗು ದಾಟುವಾಗ ನೀರು ನಮ್ಮ ಮೊಣಕಾಲಿಗೆ ಬಂದಿತ್ತು. ಇಮ್ತಿಯಾಜ್ ಕೋಲು ಬಿಟ್ಟು ಕರುವನ್ನು ಹೆಗಲಿಗೆ ಹಾಕಿಕೊಂಡ. ಕೊನೆಯ ಎಮ್ಮೆ ಹತ್ತುವ ಹೊತ್ತಿಗೆ ಅದರ ಹೊಟ್ಟೆ ತೊಯ್ದಿತ್ತು. ದಡದ ಮೇಲೆ ನಿಂತು ತಿರುಗಿ ನೋಡಿದೆವು. ನಾವು ಬಂದ ದಾರಿ ಇರಲಿಲ್ಲ, ಕಂದು ನೀರು ಸುಳಿ ಸುತ್ತಿಕೊಂಡು ಓಡುತ್ತಿತ್ತು. ಆಚೆ, ಬಿಸಿಲಿನಲ್ಲಿ, ಓರೆಯಾಗಿ ಕಾಣುತ್ತಿದ್ದ ಬಸವಣ್ಣನ ಗಂಟೆ ಇನ್ನೂ ಒಣಗಿಯೇ ಇತ್ತು. ಗಂಗಮ್ಮ ಅದನ್ನು ಬಹಳ ಹೊತ್ತು ನೋಡಿದಳು.

"ಅಂವಾ ಸುಳ್ಳು ಹೇಳಿಲ್ಲವ್ವ" ಎಂದಳು. "ಅಂವಗ ಹಿಂದಿಂದು ಕಾಣಂಗಿಲ್ಲ."

ಸಂಜೆಗೆ ಗಂಟೆ ಮುಳುಗಿತು, ಕತ್ತಲಾಗುವ ಮೊದಲು ಶೆಡ್ಡಿನ ತಗಡು ತೇಲಿಕೊಂಡು ಕಂಪ್ಲಿ ಸೇತುವೆಯ ಕಡೆ ಹೋಯಿತು. ನಾನು ಊರೊಳಗಿನ ಗಂಗಮ್ಮನ ಮನೆಯಲ್ಲಿ ರೊಟ್ಟಿ ತಿನ್ನುತ್ತ ಅಂಗಳದ ತುಂಬ ಅಡ್ಡಾಡಿದೆ, ಯಾರೂ ಕೂರು ಎನ್ನಲಿಲ್ಲ.

ಮಳೆಗಾಲ ಮುಗಿದ ಮೇಲೆ ನಾನು ಬೆಂಗಳೂರಿಗೆ ಮರಳಿದೆ. ಸೂರಿರುವ ದ್ವೀಪಗಳೆಲ್ಲ ಉಳಿದ ಚಿತ್ರ ಕೊನೆಗೂ ಸಿದ್ಧವಾಯಿತು. ನೋಡಲು ಅಷ್ಟೇನೂ ಚೆಂದವಿಲ್ಲ, ಕಂಪ್ಲಿಯ ಹತ್ತಿರ ಒಂದು ಗಿಡ್ಡ ಕೊಂಬೆ ಅಡ್ಡಾದಿಡ್ಡಿ ಚಾಚಿಕೊಂಡಿದೆ. ತಗ್ಗಿಗೆ ಮತ್ತೆ ಮಣ್ಣು ತುಂಬುತ್ತೇವೆಂದವರು ಇನ್ನೂ ತುಂಬಿಲ್ಲ. ಹುಲ್ಲು ಬಿಡಲಾರದೆ ಗಂಗಮ್ಮ ಹೊಸ ತಗಡು ಹಾಕಿಕೊಂಡು ಅಲ್ಲೇ ಇದ್ದಾಳೆ. ಇಮ್ತಿಯಾಜ್ ಹಿಂದಿನ ತಗ್ಗಿನಲ್ಲಿ ಒಂದು ಕಲ್ಲು ನೆಟ್ಟು ಬಿಳಿ ಬಣ್ಣ ಬಳಿದು ಕೊಟ್ಟಿದ್ದಾನೆ, ಆಕೆ ಅದಕ್ಕೂ ಕುಂಕುಮ ಇಡುತ್ತಾಳೆ. ಆದರೆ ಆಕೆಗೆ ಪೂರ್ತಿ ನಂಬಿಕೆ ಆ ಕಲ್ಲಿನ ಮೇಲೂ ಇಲ್ಲ, ನನ್ನ ಮರದ ಮೇಲೆ ಮೊದಲೇ ಇಲ್ಲ.

ಈ ಬೆಂಚಿನ ಮೇಲೆ ಇಷ್ಟೆಲ್ಲ ನೆನೆಯುತ್ತ ಕೂತಿರುವಾಗ ಫೋನು ಬಂತು. ಗಂಗಮ್ಮನದೇ. ಮಳೆಗಾಲ ಶುರುವಾಯಿತೆಂದರೆ ಆಕೆಯ ಫೋನು ತಪ್ಪಿದ್ದಲ್ಲ. ಅಣೆಕಟ್ಟು ಎಷ್ಟು ತುಂಬಿದೆ, ನೀರು ಎಷ್ಟು ಬಿಡುತ್ತಾರೆ ಎಂದು ಆಕೆ ಯಾವತ್ತೂ ಕೇಳಿಲ್ಲ. ಪ್ರತಿವರ್ಷ ಕೇಳುವುದು ಒಂದೇ.

"ಶಾರದವ್ವ, ಅಡ್ಡಾಡಾಕತ್ತೀಯೇನು, ಕುಂತೀಯೇನು?"

ಅಣೆಕಟ್ಟಿನಲ್ಲಿ ಇನ್ನೂ ಅರ್ಧ ನೀರೂ ಇರಲಿಲ್ಲ. ಕೂತಿದ್ದೇನೆ ಎಂದರೆ ಆಕೆ ಈಗಲೇ ಎಮ್ಮೆಗಳ ಹಗ್ಗ ಬಿಚ್ಚಿಬಿಡುತ್ತಾಳೆ. ಗಡಬಡಿಸಿ ಎದ್ದು ನಿಂತೆ.

"ಅಡ್ಡಾಡಾಕತ್ತೀನವ್ವ" ಎಂದೆ, ಪ್ಲಾಟ್‌ಫಾರ್ಮಿನ ತುದಿಯವರೆಗೆ ನಡೆಯುತ್ತ.